ಹೈಸ್ಕೂಲಿನ ಕೊನೆಯ ವರ್ಗ: ಜತ್ತ ಭಾಗದ ಕನ್ನಡ ವಿದ್ಯಾರ್ಥಿಗಳ ಹಿನ್ನೋಟ

ಹೈಸ್ಕೂಲಿನ ಕೊನೆಯ ವರ್ಗದವರು ಶಾಲೆ ಬಿಡುವ ಮೊದಲು ನಿರೋಪ ಸಮಾರಂಭದಲ್ಲಿ ಆಡುವ ಮಾತುಗಳು ಎಲ್ಲ ಸೀಮೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿರುವವು. ಮೊದಲ ದಿನ ಹಿಂದಿನ ಸಾಲಿನಲ್ಲಿ ಹೆದರಿ ಕುಳಿತದ್ದು, ಗಣಿತದ ಗುರುಗಳ ಬೆತ್ತ, ಸ್ನೇಹಸಮ್ಮೇಲನದ ನಾಟಕದಲ್ಲಿ ಮಾತು ಮರೆತು ನಿಂತದ್ದು, ಬುತ್ತಿಯ ರೊಟ್ಟಿ-ಹಿಂಡಿಯನ್ನು ಹಂಚಿಕೊಂಡು ಉಂಡದ್ದು. ಇವನ್ನು ಕೇಳುತ್ತ ನಮ್ಮ ಶಿಕ್ಷಕವೃತ್ತಿಯ ಬಹಳ ವರ್ಷಗಳು ಕಳೆದಿರುವವು. ಆದರೆ ಜತ್ತ ತಾಲೂಕಿನ ಕನ್ನಡ ವಿದ್ಯಾರ್ಥಿಗಳ ಹಿನ್ನೋಟದಲ್ಲಿ ಬೇರೆ ಕಡೆ ಅಪರೂಪವಾದ ಒಂದು ಸಂಗತಿಯುಂಟು. ಹೈಸ್ಕೂಲು ಹೊಕ್ಕಾಗ ಇದ್ದ ರಾಜ್ಯವಾಗಲಿ, ಪರೀಕ್ಷಾಮಂಡಳವಾಗಲಿ, ನೆರೆಯ ಊರಿನೊಡನೆ ಇದ್ದ ಸಂಬಂಧವಾಗಲಿ ಶಾಲೆ ಬಿಡುವಾಗ ಹಾಗೆಯೇ ಉಳಿದಿರಲಿಲ್ಲವೆಂಬ ಅನುಭವವು ಇಲ್ಲಿಯ ಹಲವು ತಂಡಗಳಿಗೆ ಬಂದಿದೆ. ಹುಡುಗರು ಮಾತ್ರ ಅದೇ ಊರಿನಿಂದ ಅದೇ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದರು. ಈ ನಾಲ್ಕು ವರ್ಷಗಳ ಅವಧಿಯನ್ನು ಅಳತೆಗೋಲಾಗಿ ಹಿಡಿದು ನಮ್ಮ ಭಾಗದ ಇತಿಹಾಸವನ್ನು ಒಮ್ಮೆ ನೋಡಬೇಕೆಂಬದು ಈ ಲೇಖನದ ಉದ್ದೇಶವು.

ಜತ್ತವು ಡಫಳೆ ಮನೆತನದವರ ಸಂಸ್ಥಾನವಾಗಿದ್ದಿತೆಂಬದು ವಾಚಕರಿಗೆ ತಿಳಿದದ್ದೇ. ದರಬಾರದ ವ್ಯವಹಾರವು ಮರಾಠಿಯಲ್ಲಿ. ಉಮದಿ, ಸಂಖ, ಗುಡ್ಡಾಪುರ, ಉಮರಾಣಿ ಮುಂತಾದ ಹಳ್ಳಿಗಳ ಮನೆಮಾತು ಕನ್ನಡದಲ್ಲಿ. ಇದರಿಂದ ಜನರಲ್ಲಿ ಒಡಕೇನೂ ಹುಟ್ಟಿರಲಿಲ್ಲ. ಗುಡ್ಡಾಪುರದ ದಾನಮ್ಮನ ಗುಡಿಗೆ ಎರಡೂ ನುಡಿಯವರು ನಡೆದುಕೊಳ್ಳುವರು. ಉಮದಿಯ ಭಾವುಸಾಹೇಬ ಮಹಾರಾಜರು (೧೮೪೩-೧೯೧೪) ಕನ್ನಡನಾಡಿನ ನಿಂಬರಗಿ ಮಹಾರಾಜರಿಂದ ಉಪದೇಶ ಪಡೆದು ಇಂಚಗೇರಿಯಲ್ಲಿ ನೆಲೆಸಿದರು. ಅವರ ಶಿಷ್ಯಪರಂಪರೆಯಲ್ಲಿ ಜಮಖಂಡಿಯ ಗುರುದೇವ ರಾನಡೆಯವರೂ ಇದ್ದರು. ಹೀಗೆ ಎರಡು ನುಡಿಗಳನ್ನು ಕೇಳುತ್ತಲೇ ಬೆಳೆದ ಹುಡುಗನು ನಮ್ಮ ಹೈಸ್ಕೂಲಿಗೆ ಬರುವನು. ಅವನಿಗೆ ಮರಾಠಿಯು ಪರಕೀಯವಲ್ಲ. ಆದರೆ ವಿಚಾರ ಮಾಡುವದು ಕನ್ನಡದಲ್ಲಿ.

ಹಿಂದಿನ ಕಾಲದಲ್ಲಿ ಬಹುಜನರ ಪಾಲಿಗೆ ‘ಕೊನೆಯ ವರ್ಗ’ವೆಂದರೆ ಹೈಸ್ಕೂಲಿನದಲ್ಲ, ಮುಲ್ಕಿಯದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಡೆಪ್ಯೂಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟು ಹಿಡಿದು ಕನ್ನಡ ಶಾಲೆಗಳನ್ನು ನಿಲ್ಲಿಸಿದ ಮೇಲೆ, ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯು ಹಳ್ಳಿಯ ಹುಡುಗನಿಗೆ ಮಾಸ್ತರಿಕೆ, ತಲಾಠಿಕೆಗಳ ಬಾಗಿಲಾಯಿತು. ೧೮೫೯ರಿಂದ ನಡೆದುಬಂದ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ನು ಪಟ್ಟಣದವರಿಗೂ ಅನುಕೂಲಸ್ಥರಿಗೂ ಸೇರಿದ್ದು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರ ಮುಂದಾಳುತನದಿಂದ ೧೯೧೦ರಲ್ಲಿ ಲಿಂಗಾಯತ ಶಿಕ್ಷಣಸಂಸ್ಥೆಯೂ, ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರ ಪ್ರಯತ್ನದಿಂದ ೧೯೧೬ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣಸಂಸ್ಥೆಯೂ ಹುಟ್ಟಿದ ಮೇಲೆ ಹೈಸ್ಕೂಲಿನ ಆಸೆಯು ಹಳ್ಳಿಗಳ ವರೆಗೂ ಬಂದಿತು. ಆಗ ವಿಜಾಪುರಕ್ಕೆ ಹೋಗುವದೆಂದರೆ ಹೊರರಾಜ್ಯಕ್ಕೆ ಹೋದಂತೆ ಯಾರಿಗೂ ಅನಿಸುತ್ತಿದ್ದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ತಂಡಗಳನ್ನು ನೋಡೋಣ. ೧೯೪೫ರ ಜೂನಿನಲ್ಲಿ ಇಂಗ್ಲೀಷ ನಾಲ್ಕನೆಯ ಇಯತ್ತೆಗೆ, ಅಂದರೆ ಇಂದಿನ ಎಂಟನೆಯದಕ್ಕೆ, ಸೇರಿದ ಹುಡುಗನು ಸಂಸ್ಥಾನದ ಪ್ರಜೆಯಾಗಿದ್ದನು. ಅವನ ಮುಂದಿದ್ದ ಗುರಿಯು ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಕು. ನಡುವೆ ಸ್ವಾತಂತ್ರ್ಯ ಬಂದಿತು. ೧೯೪೮ರ ಮಾರ್ಚ ೮ರಂದು ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೪೯ರಲ್ಲಿ ಅವನು ಪರೀಕ್ಷೆಗೆ ಕುಳಿತಾಗ ಮೆಟ್ರಿಕ್ಕಿನ ಜಾಗದಲ್ಲಿ ಹೊಸ ಮಂಡಳದ ಎಸ್. ಎಸ್. ಸಿ. ಪರೀಕ್ಷೆಯು ಮೊದಲ ಸಲ ನಡೆದಿತ್ತು. ಅದೇ ವರ್ಷ ಸಾತಾರಾ ಜಿಲ್ಲೆಯನ್ನು ಒಡೆದು ದಕ್ಷಿಣ ಸಾತಾರಾ ಜಿಲ್ಲೆ ಮಾಡಿದರು. ಜತ್ತವು ಅದರಲ್ಲಿ ಸೇರಿತು. ನಾಲ್ಕು ವರ್ಷಗಳಲ್ಲಿ ರಾಜರು ಹೋದರು, ಪರೀಕ್ಷೆ ಬದಲಾಯಿತು, ಜಿಲ್ಲೆ ಹೊಸದಾಯಿತು. ಹಳ್ಳಿಗಳಲ್ಲಿ ಬಹಳ ದಿನಗಳ ವರೆಗೆ ಜನರು ‘ಮೆಟ್ರಿಕ್ ಆದಾನು’ ಎಂದೇ ಅನ್ನುತ್ತಿದ್ದರೆಂಬದು ಬೇರೆ ಮಾತು.

೧೯೫೩ರಲ್ಲಿ ಎಂಟನೆಯದಕ್ಕೆ ಬಂದು ೧೯೫೭ರ ಮಾರ್ಚಿನಲ್ಲಿ ಹನ್ನೊಂದನೆಯ ಇಯತ್ತೆ ಮುಗಿಸಿದ ತಂಡದ ಕಥೆಯು ಇನ್ನೂ ವಿಚಿತ್ರವಾದದ್ದು. ಅವರು ಶಾಲೆ ಹೊಕ್ಕಾಗ ಜತ್ತ, ವಿಜಾಪುರ, ಬೆಳಗಾವಿ, ಧಾರವಾಡಗಳೆಲ್ಲವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ೧೯೫೬ರ ನವಂಬರ ೧ರಂದು, ಅವರು ಕೊನೆಯ ವರ್ಗದಲ್ಲಿರುವಾಗಲೇ, ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಹೋಯಿತು. ಜತ್ತವು ಇತ್ತ ಉಳಿಯಿತು. ಕಾಸರಗೋಡಿನ ಕನ್ನಡ ಮಕ್ಕಳು ಕೇರಳದವರಾದದ್ದೂ ಅದೇ ದಿನ. ಅಜ್ಜಿಯ ಊರು, ಅಕ್ಕನನ್ನು ಕೊಟ್ಟ ಊರು, ದನದ ಸಂತೆಯ ಊರು ಬೇರೆ ರಾಜ್ಯದವಾದವು. ಇನ್ನೊಂದು ಚಿಕ್ಕ ಸಂಗತಿ: ಈ ತಂಡದವರು ರೂಪಾಯಿ-ಆಣೆ-ಪೈಗಳ ಲೆಕ್ಕವನ್ನು ವರ್ಷಗಟ್ಟಲೆ ತಿದ್ದಿ ತೀಡಿ ಕಲಿತು ಪರೀಕ್ಷೆ ಬರೆದರು, ೧೯೫೭ರ ಏಪ್ರಿಲ ೧ರಿಂದ ದೇಶದಲ್ಲಿ ನಯೇಪೈಸೆ ಬಂದಿತು. ಕಲಿತ ಲೆಕ್ಕವು ಪರೀಕ್ಷೆಯ ಬೆನ್ನಿಗೇ ಹಳೆಯದಾಯಿತು. ಇಂಥ ಸಂಗತಿಗಳನ್ನು ಯಾವ ಸರಕಾರಿ ವರದಿಯೂ ಬರೆದಿಡುವದಿಲ್ಲ. ಬರೆದಿಡಬಲ್ಲವರು ಆ ವರ್ಗದವರೇ.

೧೯೬೦ರ ತಂಡವು ಮಾರ್ಚಿನಲ್ಲಿ ಮುಂಬಯಿ ರಾಜ್ಯದ ವಿದ್ಯಾರ್ಥಿಗಳಾಗಿ ಪರೀಕ್ಷೆ ಬರೆಯಿತು. ನಿಕಾಲ ಬರುವಷ್ಟರಲ್ಲಿ, ಮೇ ೧ರಿಂದ, ಮಹಾರಾಷ್ಟ್ರ ರಾಜ್ಯವಾಗಿದ್ದಿತು. ಅದೇ ನವಂಬರದಲ್ಲಿ ಜಿಲ್ಲೆಗೆ ಸಾಂಗಲಿಯೆಂದು ಹೆಸರಾಯಿತು. ೧೯೬೬ರ ಜನವರಿಯಿಂದ ಮಹಾರಾಷ್ಟ್ರದ್ದೇ ಆದ ಮಾಧ್ಯಮಿಕ ಶಿಕ್ಷಣ ಮಂಡಳವು ಬಂದಿತು. ೧೯೬೭ರ ಜನವರಿ ೨೭ರಂದು ಪುಣೆಯಲ್ಲಿ ಪಠ್ಯಪುಸ್ತಕಗಳ ಸಂಸ್ಥೆಯಾದ ಬಾಲಭಾರತಿಯು ಸ್ಥಾಪಿತವಾಯಿತು. ಅದು ಕನ್ನಡದಲ್ಲಿಯೂ ಪುಸ್ತಕಗಳನ್ನು ಹೊರಡಿಸುತ್ತ ಬಂದಿರುವದು. ಅದೇ ೧೯೬೭ರಲ್ಲಿ ಮಹಾಜನ ಆಯೋಗದ ವರದಿಯು ಬಂದು, ಜತ್ತ ತಾಲೂಕಿನ ೪೪ ಹಳ್ಳಿಗಳನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಆ ವಾದವನ್ನು ನಾವು ಇಲ್ಲಿ ಎತ್ತಿಕೊಳ್ಳುವದಿಲ್ಲ. ಎರಡೂ ಪಕ್ಷದವರು ಸಾಕಷ್ಟು ಬರೆದಿರುವರು. ಆ ವರ್ಷಗಳಲ್ಲಿ ಹೈಸ್ಕೂಲಿನಲ್ಲಿದ್ದ ಹುಡುಗನು ‘ನಮ್ಮೂರು ಮುಂದಿನ ವರ್ಷ ಎಲ್ಲಿರುವದೋ’ ಎಂಬ ಹಿರಿಯರ ಮಾತುಗಳನ್ನು ಕಟ್ಟೆಯ ಮೇಲೆ ಕೇಳುತ್ತ ಅಭ್ಯಾಸ ಮಾಡಬೇಕಾಯಿತೆಂಬದಷ್ಟೇ ನಮಗೆ ಪ್ರಸ್ತುತವು.

ಎಲ್ಲಕ್ಕಿಂತ ಹೆಚ್ಚಿನ ಕಷ್ಟ ಉಂಡವರು, ನಮ್ಮ ಮಟ್ಟಿಗೆ, ೧೯೭೨ರ ಜೂನಿನಲ್ಲಿ ಎಂಟನೆಯದಕ್ಕೆ ಬಂದವರು. ಅದು ಬರಗಾಲದ ವರ್ಷ. ಜತ್ತವು ಮೊದಲೇ ಮಳೆ ಕಡಿಮೆಯ ಸೀಮೆ. ಆ ವರ್ಷ ಬಾವಿಗಳ ತಳ ಕಂಡಿತು. ತಂದೆ-ತಾಯಿಗಳು ದುಷ್ಕಾಳದ ಕಾಮಗಾರಿಗೆ, ಖಡಿ ಒಡೆಯಲು, ನಾಲಾ-ಬಂಡಿಂಗಿನ ಮಣ್ಣು ಹೊರಲು ಹೋದರು. ದೊಡ್ಡ ಹುಡುಗರೂ ಬುಟ್ಟಿ ಹಿಡಿದರು. ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ, ಹಂಚುತ್ತಿದ್ದ ಸುಕಡಿ, ಇವು ಆ ಪೀಳಿಗೆಯವರ ನಾಲಿಗೆಯ ಮೇಲೆ ಇನ್ನೂ ಇರುವವು. ಈ ತಂಡದ ಮೇಲೆಯೇ ಹೊಸ ಶಿಕ್ಷಣಪದ್ಧತಿಯೂ ಬಂದಿತು. ಹಿಂದಿನ ಹನ್ನೊಂದು ವರ್ಷಗಳ ಬದಲು ಹತ್ತನೆಯ ಇಯತ್ತೆಗೇ ಎಸ್. ಎಸ್. ಸಿ.; ಮುಂದೆ ಎರಡು ವರ್ಷ ಕಿರಿಯ ಮಹಾವಿದ್ಯಾಲಯ. ೧೯೭೫ರ ಮಾರ್ಚಿನಲ್ಲಿ ಇವರು ಹೊಸ ಪದ್ಧತಿಯ ಹತ್ತನೆಯವರಾಗಿಯೂ, ಇವರಿಗಿಂತ ಒಂದು ವರ್ಷ ಮುಂದಿನವರು ಹಳೆಯ ಪದ್ಧತಿಯ ಹನ್ನೊಂದನೆಯವರಾಗಿಯೂ ಒಂದೇ ವರ್ಷ ಪರೀಕ್ಷೆಗೆ ಕುಳಿತರು. ಬರಗಾಲದಲ್ಲಿ ಕಳೆದ ದಿನಗಳನ್ನು ತುಂಬಿಕೊಳ್ಳಲು ಇವರಿಗೆ ಒಂದು ವರ್ಷ ಹೆಚ್ಚು ದೊರೆಯಬೇಕಾಗಿತ್ತು. ದೊರೆತದ್ದು ಒಂದು ವರ್ಷ ಕಡಿಮೆ. ನಡುವೆ, ೧೯೭೩ರ ನವಂಬರದಲ್ಲಿ, ಮೂಡಲಿನ ರಾಜ್ಯವು ಮೈಸೂರೆಂಬ ಹೆಸರು ಬಿಟ್ಟು ಕರ್ನಾಟಕವಾಯಿತು; ಭೂಗೋಲದ ಪುಸ್ತಕದಲ್ಲಿ ಹುಡುಗರು ಮಸಿಯಿಂದ ತಿದ್ದಿಕೊಂಡಿರಬೇಕು.

ಆಮೇಲಿನ ನಾಲ್ಕು ದಶಕಗಳನ್ನು ಇಲ್ಲಿ ಬಿಡುತ್ತೇವೆ. ಹೈಸ್ಕೂಲುಗಳು ಹೆಚ್ಚಿದವು, ಹೆಣ್ಣುಮಕ್ಕಳು ಕೊನೆಯ ವರ್ಗದ ವರೆಗೆ ಬರತೊಡಗಿದರು. ಇದೇ ದೊಡ್ಡ ಲಾಭವು. ಆದರೆ ೨೦೨೧ರ ತಂಡವನ್ನು ಹೇಳದೆ ಹೋಗಲಾಗದು. ಅವರ ಹತ್ತನೆಯ ಇಯತ್ತೆಯ ಬಹುಭಾಗವು ಕೊರೋನಾದ ದೆಸೆಯಿಂದ ಮೊಬೈಲಿನಲ್ಲಿ ನಡೆಯಿತು. ಮನೆಗೊಂದೇ ಮೊಬೈಲು, ಅದೂ ಹಗಲು ತಂದೆಯ ಕಿಸೆಯಲ್ಲಿ ಹೊಲಕ್ಕೆ ಹೋಗುತ್ತಿದ್ದಿತು. ಪರೀಕ್ಷೆಯೇ ರದ್ದಾಗಿ, ಒಂಬತ್ತನೆಯ ಇಯತ್ತೆಯ ಗುಣಗಳನ್ನೂ ಶಾಲೆಯ ಒಳಮೌಲ್ಯಮಾಪನವನ್ನೂ ಕೂಡಿಸಿ ನಿಕಾಲ ಹಚ್ಚಿದರು. ರಾಜ್ಯದಲ್ಲಿ ನೂರಕ್ಕೆ ೯೯.೯೫ರಷ್ಟು ಜನ ಪಾಸಾದರು. ಇಷ್ಟು ದೊಡ್ಡ ನಿಕಾಲವನ್ನು ಇಷ್ಟು ಕಡಿಮೆ ಸಂತೋಷದಿಂದ ನಾವು ಎಂದೂ ಓದಿರಲಿಲ್ಲ. ೨೦೨೩ರ ಮಾರ್ಚಿಗೆ ಸಿದ್ಧರಾಗುತ್ತಿದ್ದವರಿಗೆ ಬೇರೊಂದು ಗದ್ದಲ. ೨೦೨೨ರ ನವಂಬರದಲ್ಲಿ ಜತ್ತದ ಹಳ್ಳಿಗಳ ಮೇಲಿನ ಹಕ್ಕಿನ ಮಾತು ಮತ್ತೆ ಎದ್ದು, ಉಮದಿಯ ಹೆಸರು ಎಲ್ಲ ವಾಹಿನಿಗಳಲ್ಲಿ ಬಂದಿತು. ಹತ್ತು ವರ್ಷ ಹಿಂದೆ ಗ್ರಾಮದವರು ಮಾಡಿದ ಠರಾವುಗಳ ಮೂಲವು ನೀರಿನ ಕೊರತೆಯಲ್ಲಿತ್ತು. ಕೃಷ್ಣೆಯ ನೀರು ಬರಲೆಂಬದು ಹಳ್ಳಿಯವರ ಮೊದಲ ಬೇಡಿಕೆ. ವಾಹಿನಿಯವರಿಗೆ ಮಾತ್ರ ಗಡಿಯ ಜಗಳವು ಹೆಚ್ಚು ರುಚಿಸಿತು.

ಈ ಎಲ್ಲ ತಂಡಗಳಿಗೂ ಸಮಾನವಾದ ಒಂದು ಪ್ರಶ್ನೆಯಿದೆ, ಅದು ಭಾಷೆಯದು. ೧೯೪೯ರ ಆಗಸ್ಟದಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳು ಕೂಡಿ, ಶಾಲೆಯಲ್ಲಿ ೪೦ ಅಥವಾ ಒಂದು ವರ್ಗದಲ್ಲಿ ೧೦ ಮಕ್ಕಳಿದ್ದರೆ ಅವರ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು ಒಪ್ಪಿದ್ದರು. ೧೯೫೬ರಲ್ಲಿ ಸಂವಿಧಾನಕ್ಕೆ ೩೫೦-ಎ ಕಲಮು ಸೇರಿತು; ಅದೂ ಪ್ರಾಥಮಿಕ ಹಂತದ್ದೇ. ಹೈಸ್ಕೂಲಿನ ಕನ್ನಡಕ್ಕೆ ಸಂವಿಧಾನದಲ್ಲಿ ಇಂಥ ನೇರವಾದ ಕಲಮಿಲ್ಲ. ಅದು ಊರವರ ಹಟ, ಸಂಸ್ಥೆಯವರ ಶ್ರಮ, ಶಿಕ್ಷಕರ ನೇಮಕ ಇವುಗಳ ಮೇಲೆ ನಿಂತಿರುವದು. ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಸುದ್ದಿಯು ೨೦೨೪ರಲ್ಲಿ ಪತ್ರಿಕೆಗಳಲ್ಲಿ ಬಂದದ್ದನ್ನು ವಾಚಕರು ಓದಿರಬಹುದು. ಬಂದ ಶಿಕ್ಷಕರದು ಇದರಲ್ಲಿ ತಪ್ಪೇನಿಲ್ಲ. ಆದರೆ ಮಗುವಿಗೆ ಅರ್ಥವಾಗದ ಪಾಠವು ಯಾರು ಮಾಡಿದರೂ ಪಾಠವಲ್ಲ. ಮರಾಠಿ ಕಲಿಯುವದನ್ನು ನಮ್ಮ ಮಕ್ಕಳು ಎಂದೂ ಬೇಡವೆಂದಿಲ್ಲ. ಹಜೇರಿ, ಸೂಟಿ, ನಿಕಾಲ, ಇಯತ್ತೆ ಎಂಬ ಶಬ್ದಗಳಿಲ್ಲದೆ ನಾವು ಶಿಕ್ಷಕರೇ ಒಂದು ದಿನ ಕಳೆಯಲಾರೆವು.

ಪರೀಕ್ಷೆಯ ಹೆಸರನ್ನೇ ನೋಡಿರಿ. ನಮ್ಮದು ಎಸ್. ಎಸ್. ಸಿ.; ಗಡಿಯಾಚೆಯದು ಎಸ್. ಎಸ್. ಎಲ್. ಸಿ. ನಡುವೆ ಒಂದೇ ಅಕ್ಷರದ ಅಂತರ. ಆದರೆ ಹತ್ತನೆಯದನ್ನು ಇಲ್ಲಿ ಮುಗಿಸಿ ವಿಜಯಪುರದಲ್ಲಿ ಪಿ. ಯು. ಸಿ. ಸೇರಬೇಕೆನ್ನುವವನು ಮಂಡಳದ ಸ್ಥಳಾಂತರ ಪತ್ರ, ಜಾತಿಯ ದಾಖಲೆ, ವಾಸ್ತವ್ಯದ ದಾಖಲೆಗಳೆಂದು ಅಲೆಯುವಾಗ ಆ ಒಂದು ಅಕ್ಷರದ ತೂಕವು ತಿಳಿಯುವದು. ಕರ್ನಾಟಕದ ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯ ನಿಯಮಗಳಲ್ಲಿ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಹಾಗೂ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳ ಕನ್ನಡ ಮಕ್ಕಳಿಗೆ ಒಂದು ಕಲಮಿದೆ. ಕನ್ನಡ ಭಾಷಾಪರೀಕ್ಷೆ ಕೊಟ್ಟು ಅರ್ಹರಾಗಬಹುದು. ಈ ಕಲಮಿನ ಸುದ್ದಿಯನ್ನು ಪ್ರತಿಯೊಂದು ಶಾಲೆಯವರೂ ಕೊನೆಯ ವರ್ಗಕ್ಕೆ ಬಾಯಿಪಾಠವಾಗುವಂತೆ ಹೇಳಬೇಕು. ಅನೇಕರಿಗೆ ಅದು ಕಾಲ ಮೀರಿದ ಮೇಲೆ ತಿಳಿಯುತ್ತಿದೆ.

ನಮ್ಮ ಸಂಘವು ಈ ವಿಷಯದಲ್ಲಿ ಒಂದು ಕೆಲಸವನ್ನು ತಡಮಾಡದೆ ಕೈಕೊಳ್ಳಬೇಕಾಗಿದೆ. ೧೯೪೯ರಲ್ಲಿ ಪರೀಕ್ಷೆಗೆ ಕುಳಿತವರು ಬದುಕಿದ್ದರೆ ಈಗ ತೊಂಬತ್ತು ದಾಟಿರುವರು. ೧೯೫೭ರವರು ಎಂಬತ್ತೈದರ ಹತ್ತಿರ. ಅವರ ಬಾಯಿಂದ ಕೇಳಿ ಬರೆದುಕೊಳ್ಳುವದು ಇನ್ನು ಹತ್ತು ವರ್ಷಕ್ಕೆ ಸಾಧ್ಯವಾಗದು. ಇದರ ಜೊತೆಗೆ ಶಾಲೆಗಳ ಕಪಾಟಿನಲ್ಲಿರುವ ಜನರಲ್ ರಜಿಸ್ಟರು, ಹಜೇರಿ ಪುಸ್ತಕ, ಹಸ್ತಲಿಖಿತ ಸಂಚಿಕೆಗಳನ್ನು ಗೆದ್ದಲಿನಿಂದ ಉಳಿಸಬೇಕು. ಹಜೇರಿ ಪುಸ್ತಕವನ್ನು ಓದಲು ಬಲ್ಲವನಿಗೆ ಅದರಲ್ಲಿ ಎಷ್ಟೋ ಇರುವದು. ದೀಪಾವಳಿಯಿಂದ ಹೋಳಿಯ ವರೆಗೆ ಕೆಲವು ಹೆಸರುಗಳ ಮುಂದೆ ಸಾಲಾಗಿ ಗೈರುಹಜೇರಿ ಕಂಡರೆ, ಆ ಮನೆಯವರು ಕಬ್ಬು ಕಡಿಯಲು ಕಾರಖಾನೆಗಳ ಕಡೆಗೆ ಹೋಗಿದ್ದರೆಂದು ತಿಳಿಯಬೇಕು. ಎಂಟನೆಯದರಲ್ಲಿದ್ದ ಹೆಣ್ಣುಮಗಳ ಹೆಸರು ಹತ್ತನೆಯದರಲ್ಲಿ ಇಲ್ಲದಿದ್ದರೆ ಕಾರಣವನ್ನು ಷರಾದಲ್ಲಿ ಬರೆದಿರುವದಿಲ್ಲ, ಊರವರಿಗೆ ಗೊತ್ತಿರುವದು. ನಿರೋಪ ಸಮಾರಂಭದಲ್ಲಿ ಮಾತನಾಡಿದವರ ನೆನಪುಗಳನ್ನು ಕೂಡಿಸುವಾಗ, ಆ ದಿನದ ವರೆಗೆ ಬಂದು ತಲುಪದವರನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಈಗಿನ ಮಕ್ಕಳು ಸಮಾರಂಭದಲ್ಲಿ ಗ್ರಾಂಥಿಕ ಕನ್ನಡದಲ್ಲಿ ಪ್ರಾರಂಭಿಸಿ, ಎರಡು ವಾಕ್ಯಗಳಾಗುವಷ್ಟರಲ್ಲಿ ಕಣ್ಣು ತುಂಬಿ ಮನೆಮಾತಿಗೆ ಇಳಿಯುವರು. ಉಪಾಹಾರವಾದ ಮೇಲೆ ಆಫೀಸಿನ ಬಾಗಿಲಿಗೆ ಬಂದು, “ಸರ್, ಮುಂದ ಯಾವ ಕಡೆ ಹೋಗೂಣ್ರಿ, ಜತ್ತಕ್ಕೋ ವಿಜಾಪುರಕ್ಕೋ?” ಎಂದು ಕೇಳುವರು. ಮಾಧ್ಯಮ, ಮಂಡಳ, ನೌಕರಿ ಇವುಗಳ ವಿಚಾರವೆಲ್ಲ ಆಮೇಲೆ. ಹೆಣ್ಣುಮಕ್ಕಳು ಕೇಳಿದಾಗ ನಾವು ಮೊದಲು ನೋಡುವದು ಸಂಜೆ ಐದರ ಮೇಲೆ ಅವರ ಊರಿಗೆ ಹಿಂದಿರುಗುವ ಬಸ್ಸು ಯಾವ ಕಡೆಯಿಂದ ಇದೆಯೆಂಬದನ್ನು.