ತೂಕವೋ, ಬೆಳಕೋ?

ಕೈಯಲ್ಲಿರುವ ಹಣ ಸ್ವಲ್ಪ. ಕೊಳ್ಳುವ ವಜ್ರ ಮಾತ್ರ ದೊಡ್ಡದಾಗಿ ಕಾಣಬೇಕು. ಈ ಸಂಕಟ ನಮ್ಮಂಥ ಮಧ್ಯಮವರ್ಗದವರಿಗೆ ಮಾತ್ರ ಮೀಸಲೆಂದು ನಾನು ಬಹುಕಾಲ ತಿಳಿದಿದ್ದೆ. ಕಳೆದ ವರ್ಷ ಮಗಳ ಮದುವೆಗೆ ಒಂದು ಉಂಗುರ ಕೊಳ್ಳಹೊರಟಾಗ, ರೂಢಿಯ ಬಲದಿಂದ, ಅಂಗಡಿಗೆ ಹೋಗುವ ಮೊದಲು ಹಳೆಯ ಪುಸ್ತಕಗಳನ್ನು ತಿರುವಿಹಾಕಿದೆ. ನೋಡಿದರೆ, ಚಕ್ರವರ್ತಿಗಳೂ ರಾಣಿಯರೂ ಇದೇ ಪ್ರಶ್ನೆಯಲ್ಲಿ ತೊಳಲಾಡಿದವರೇ! ವಜ್ರದ ಹಿರಿಮೆ ಅದರ ತೂಕದಲ್ಲಿದೆಯೋ, ಅದು ಕಣ್ಣಿಗೆ ಹಿಂದಿರುಗಿಸುವ ಬೆಳಕಿನಲ್ಲಿದೆಯೋ?

ನಮ್ಮ ಹಿರಿಯರ ಒಲವು ತೂಕದ ಕಡೆಗೇ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್ 16ನೆಯ ಶತಮಾನದಲ್ಲಿ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ವಜ್ರದ ಗಣಿಗಳಿದ್ದ ಸೀಮೆಯ ನಾಯಕನು ಅರಸನಿಗೆ ವರ್ಷಕ್ಕೆ 40,000 ಪರ್ದಾವ್ ಹೊನ್ನನ್ನು ಸಲ್ಲಿಸಬೇಕು. ಅದಲ್ಲದೆ 20 ಮಂಗೆಲಿನ್‌ಗಿಂತ ಹೆಚ್ಚು ತೂಗುವ ಕಲ್ಲೆಲ್ಲ ಅರಸನ ಬೊಕ್ಕಸಕ್ಕೇ ಸೇರಬೇಕು. ಮಂಗೆಲಿನ್ ಎಂಬುದು ನಮ್ಮ ಮಂಜಾಡಿ ಬೀಜದ ಹೆಸರಿನಿಂದ ಹುಟ್ಟಿದ ತೂಕ. ಕಲ್ಲಿನ ಕಾಂತಿಯನ್ನು ಕಾನೂನು ಕೇಳಲಿಲ್ಲ, ತಕ್ಕಡಿಯನ್ನು ಕೇಳಿತು.

ಮುಂದಿನ ಶತಮಾನದಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ಟಾವೆರ್ನಿಯೆ ಬಿಜಾಪುರದ ಸುಲ್ತಾನರ ಸೀಮೆಯಲ್ಲಿದ್ದ ರಾವೋಲ್ಕೊಂಡದ ಗಣಿಗೆ ಬಂದ. ಅಲ್ಲಿನ ಸಾಣೆಗಾರರ ಕೆಲಸ ನೋಡಿ ಅವನಿಗೆ ಸೋಜಿಗವಾಯಿತು. ಕಲ್ಲು ನಿರ್ಮಲವಾಗಿದ್ದರೆ ಅದನ್ನು ಸಾಣೆಗೆ ಸುಮ್ಮನೆ ಸೋಕಿಸಿ ಬಿಟ್ಟುಬಿಡುತ್ತಿದ್ದರು. ಆಕಾರ ಕೊಡಹೋದರೆ ತೂಕ ಇಳಿದೀತೆಂಬ ಭಯ. ಕಲ್ಲಿನಲ್ಲಿ ಕಲೆಯಿದ್ದರೆ ಮಾತ್ರ ಅದನ್ನು ಮುಚ್ಚುವುದಕ್ಕಾಗಿ ಮೈತುಂಬ ಸಣ್ಣ ಸಣ್ಣ ಮುಖಗಳನ್ನು ತೆಗೆಯುತ್ತಿದ್ದರು.

ಹಾಗೆಂದು ಯೂರೋಪಿನಿಂದ ಬಂದವರೆಲ್ಲ ಜಾಣರೆಂದು ತಿಳಿಯಬೇಕಾದ್ದಿಲ್ಲ. ಟಾವೆರ್ನಿಯೆ 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ‘ಗ್ರೇಟ್ ಮೊಗಲ್’ ಎಂದು ಹೆಸರಾದ ವಜ್ರವನ್ನು ಕೈಯಲ್ಲಿ ಹಿಡಿದು ನೋಡಿದ. ಅವನ ಲೆಕ್ಕದಂತೆ, ಮೊದಲು ಸುಮಾರು 787 ಕ್ಯಾರಟ್ ಇದ್ದ ಕಲ್ಲು ವೆನಿಸ್ಸಿನ ಬೋರ್ಜಿಯೊ ಎಂಬವನ ಸಾಣೆಯಲ್ಲಿ ಸವೆದು 280ಕ್ಕೆ ಇಳಿದಿತ್ತು. ದೊರೆ ಕೂಲಿ ಕೊಡುವುದಿರಲಿ, 10,000 ರೂಪಾಯಿ ದಂಡ ಹಾಕಿದ. ಅವನ ಬಳಿ ಇನ್ನೂ ಇದ್ದಿದ್ದರೆ ಅದನ್ನೂ ಕಿತ್ತುಕೊಳ್ಳುತ್ತಿದ್ದನಂತೆ! ತೂಕವೂ ಹೋಗಿ, ಬೆಳಕೂ ಬಾರದಿದ್ದರೆ ಯಾರಿಗೆ ತಾನೆ ಸಿಟ್ಟು ಬಾರದು?

ಇದಕ್ಕೆ ವಿರುದ್ಧವಾದ ಕಥೆ ಕೊಹಿನೂರಿನದು. 1849ರಲ್ಲಿ ಪಂಜಾಬ್ ಬ್ರಿಟಿಷರ ವಶವಾದಾಗ ಬಾಲಕ ದಲೀಪ್ ಸಿಂಗನಿಂದ ಈ ವಜ್ರವೂ ಕೈಬಿಟ್ಟುಹೋಯಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಕಬ್ಬಿಣದ ಪಂಜರದೊಳಗೆ ಇಟ್ಟರು. ಜನ ನುಗ್ಗಿ ಬಂದರು, ನೋಡಿದರು, ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗಿದರು. ಗ್ಯಾಸ್ ದೀಪ ಹಚ್ಚಿದರೂ ಕಲ್ಲು ಮಿಂಚಲಿಲ್ಲ. ಆಗ ಅದರ ತೂಕ ಇಂದಿನ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್. ರಾಣಿಯ ಪತಿ ಆಲ್ಬರ್ಟ್ ಅದನ್ನು ಮತ್ತೆ ಸಾಣೆಗೆ ಕೊಡಿಸಿದ. 1852ರಲ್ಲಿ ಆಮ್‌ಸ್ಟರ್‌ಡಾಮಿನ ಕೆಲಸಗಾರರು ಬಂದು, ಉಗಿಯಂತ್ರದಿಂದ ತಿರುಗುವ ಸಾಣೆಯಲ್ಲಿ 38 ದಿನ ದುಡಿದರು. ಖರ್ಚು 8,000 ಪೌಂಡು. ಉಳಿದದ್ದು 105.6 ಕ್ಯಾರಟ್. ಕಾಂತಿಯೇನೋ ಬಂತು, ಆದರೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಪಾಲು ಧೂಳಾಗಿ ಹೋಯಿತು.

ಈ ಎರಡು ತುದಿಗಳ ನಡುವೆ ಹದ ಎಲ್ಲಿದೆ ಎಂಬುದನ್ನು ಗಣಿತದಿಂದ ತೋರಿಸಿದವನು ಮಾರ್ಸೆಲ್ ಟೋಲ್ಕೋವ್‌ಸ್ಕಿ. ಬೆಲ್ಜಿಯಮ್ಮಿನ ವಜ್ರದ ಕೆಲಸಗಾರರ ಮನೆತನದ ಈ ಇಂಜಿನಿಯರ್ 1919ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ತತ್ತ್ವ ಸರಳವಾದದ್ದು. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಇಳಿಜಾರುಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ತಳ ಅತಿ ಆಳವಾದರೆ ಬೆಳಕು ಪಕ್ಕಕ್ಕೆ ಸೋರಿಹೋಗಿ ನಡುಭಾಗ ಕಪ್ಪಾಗುತ್ತದೆ. ಅತಿ ತೆಳುವಾದರೆ ಕಲ್ಲು ಮೀನಿನ ಕಣ್ಣಿನಂತೆ ಮಂಕಾಗುತ್ತದೆ.

ಇಷ್ಟನ್ನು ತಲೆಯಲ್ಲಿ ತುಂಬಿಕೊಂಡು ನಾನೂ ಮಗಳೂ ಚಿಕ್ಕಪೇಟೆಯ ಒಂದು ಅಂಗಡಿಯ ಮೆಟ್ಟಿಲು ಹತ್ತಿದೆವು. ಗದ್ದುಗೆಯ ಮೇಲಿದ್ದ ಹಿರಿಯರು ಮೂರು ದುಂಡು ಕಲ್ಲುಗಳನ್ನು ನೀಲಿ ಕಾಗದದ ಮೇಲೆ ಇಟ್ಟರು. ಮೊದಲನೆಯದು ಸರಿಯಾಗಿ ಅರ್ಧ ಕ್ಯಾರಟ್, ಅಗಲ 4.9 ಮಿಲಿಮೀಟರ್. ಎರಡನೆಯದು 0.46 ಕ್ಯಾರಟ್, ಅಗಲ 5 ಮಿಲಿಮೀಟರ್. ತೂಕ ಕಡಮೆ, ಅಗಲ ಹೆಚ್ಚು! ಮೊದಲನೆಯ ಕಲ್ಲು ತನ್ನ ತೂಕವನ್ನೆಲ್ಲ ಹೊಟ್ಟೆಯಲ್ಲಿ ಅಡಗಿಸಿಕೊಂಡಿತ್ತು. ಉಂಗುರದಲ್ಲಿ ಹೂತುಹೋಗುವ ಆ ಹೊಟ್ಟೆಗೂ ನಾವು ಹಣ ತೆರಬೇಕು. ಮೇಲಾಗಿ, ಅರ್ಧ, ಒಂದು ಎಂಬ ತುಂಬಿದ ಅಂಕಿಗಳ ಬಳಿ ಬೆಲೆ ಒಮ್ಮೆಗೇ ನೆಗೆಯುತ್ತದೆ. ಮೂರನೆಯದು 0.45 ಕ್ಯಾರಟ್; ಅಗಲ 5.3. ನನಗೆ ಆಸೆಯಾಯಿತು. ಮಗಳು ಅದನ್ನು ಕಿಟಕಿಯ ಬಳಿ ಹಿಡಿದು, “ಇದು ಗಾಜಿನ ಹಾಗಿದೆಯಪ್ಪ” ಎಂದಳು. ಬರಿಯ ಅಗಲವೂ ಮೋಸವೇ. ಅಂಚಿನವರೆಗೂ ಬೆಳಗುವ ಕಲ್ಲು ಮಾತ್ರ ತನ್ನ ಪೂರ್ತಿ ಗಾತ್ರಕ್ಕೆ ಕಾಣುತ್ತದೆ. ಎರಡನೆಯದನ್ನೇ ಆರಿಸಿದೆವು.

ಓದುಗರು ಇನ್ನೊಂದು ಲೆಕ್ಕವನ್ನೂ ನೆನಪಿಡಬಹುದು. ಚೆನ್ನಾಗಿ ಕಡೆದ ಒಂದು ಕ್ಯಾರಟ್ಟಿನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲ. ಎರಡು ಕ್ಯಾರಟ್ಟಿನದು 8.2ರ ಸುಮಾರು. ತೂಕ ಇಮ್ಮಡಿಯಾದರೂ ಅಗಲ ಕಾಲು ಪಾಲು ಮಾತ್ರ ಬೆಳೆಯುತ್ತದೆ. ಪ್ರಯೋಗಶಾಲೆಯ ಪ್ರಮಾಣಪತ್ರದಲ್ಲಿ ತೂಕದ ಜೊತೆಗೆ ಅಗಲವನ್ನೂ ಆಳವನ್ನೂ ಬರೆದಿರುತ್ತಾರೆ. ಆಳವು ಅಗಲದ ನೂರಕ್ಕೆ 60ರ ಆಸುಪಾಸಿನಲ್ಲಿದ್ದರೆ ಲಕ್ಷಣವಾದ ಕಲ್ಲೆಂದು ಮುಂದಿನ ಮಾತಿಗೆ ಕೂರಬಹುದು.

ಮಾತು ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ನನ್ನ ಜೇಬಿನಲ್ಲಿ ಇನ್ನೊಂದು ಪೊಟ್ಟಣವಿತ್ತು: ನನ್ನ ತಾಯಿಯ ಮೂಗುಬೊಟ್ಟು. ಹಿರಿಯರು ಅದನ್ನು ಮಸೂರದಡಿ ತಿರುಗಿಸಿ ನೋಡಿ, “ಹಳೆಯ ಕೆಲಸ ಸ್ವಾಮಿ, ತಳ ಆಳ. ಮತ್ತೆ ಸಾಣೆ ಹಿಡಿಸಿದರೆ ತೂಕ ಕಾಲು ಭಾಗ ಹೋದರೂ ಅಗಲ ಹಾಗೇ ಉಳಿಯುತ್ತದೆ, ಜಗ್ಗನೆ ಹೊಳೆಯುತ್ತದೆ” ಎಂದರು. ನಾನು ಅಷ್ಟು ಹೊತ್ತು ಹೇಳಿಕೊಳ್ಳುತ್ತಿದ್ದ ಶಾಸ್ತ್ರವೆಲ್ಲ ಅವರ ಪರವಾಗಿಯೇ ಇತ್ತು. ಆದರೂ ತಲೆಯಾಡಿಸಲಾರದೆ ಹೋದೆ.

ಆ ಮೂಗುಬೊಟ್ಟು ಎರಡು ಬಾರಿ ಚಿನಿವಾರನ ತಕ್ಕಡಿ ಏರಿತ್ತು. ಒಮ್ಮೆ ತಂದೆಯ ಕಾಯಿಲೆಗೆ, ಒಮ್ಮೆ ನನ್ನ ಕಾಲೇಜಿನ ಫೀಜಿಗೆ. ಚಿನಿವಾರನಿಗೆ ಬೆಳಕು ಬೇಕಿರಲಿಲ್ಲ, ತೂಕ ಬೇಕಿತ್ತು. ಬೋಳು ಮೂಗಿನಲ್ಲಿ ತಾಯಿ ಮದುವೆಮನೆಗಳಿಗೆ ಹೋಗದೆ ಉಳಿದ ವರ್ಷಗಳು ನನಗೆ ನೆನಪಿವೆ. ರಾವೋಲ್ಕೊಂಡದ ಸಾಣೆಗಾರನ ಭಯ ಬರಿಯ ಅಜ್ಞಾನವೆಂದು ಓದುವಾಗ ನಕ್ಕಿದ್ದೆ. ವಜ್ರ ಒಡವೆಯಷ್ಟೇ ಅಲ್ಲದೆ ಕಷ್ಟಕಾಲದ ಗಂಟೂ ಆಗಿದ್ದವರಿಗೆ ತೂಕವೇ ಧರ್ಮವಾಗಿದ್ದುದರಲ್ಲಿ ತಪ್ಪೇನಿದೆ?

ಆ ರಾತ್ರಿ ದೇವರ ದೀಪದ ಮುಂದೆ ಮಗಳು ಎರಡನ್ನೂ ಹಿಡಿದು ನೋಡಿದಳು. ಹೊಸದು ಕಿಡಿಕಿಡಿಯಾಗಿ ಮಿಂಚಿತು. ಹಳೆಯದು ಸಾವಕಾಶವಾಗಿ, ಅಗಲವಾದ ಒಂದೊಂದೇ ಮಿಂಚನ್ನು ಕೊಟ್ಟಿತು. ಅಂಥ ಕಲ್ಲುಗಳನ್ನು ಕಡೆದ ಕಾಲದಲ್ಲಿ ಇದ್ದದ್ದು ಎಣ್ಣೆಯ ದೀಪ, ಮೇಣದ ಬತ್ತಿ. ಆ ಬೆಳಕಿಗೆ ಅದು ಸರಿಯಾಗಿಯೇ ಇತ್ತು.

“ಇದು ಹೀಗೇ ಇರಲಿ” ಎಂದಳು. ಮೂಗು ಚುಚ್ಚಿಸಿಕೊಳ್ಳದ ಹುಡುಗಿ. ಆದರೂ ಪೊಟ್ಟಣವನ್ನು ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಳು.