ಪದ ಪರಿಚಯ: ಸೀಲ್‌ಡೌನ್

2020ರ ಏಪ್ರಿಲ್‌ನಲ್ಲಿ ಕೊರೊನಾ ಸೋಂಕು ಹರಡದಂತೆ ಬೆಂಗಳೂರಿನ ಪಾದರಾಯನಪುರ, ಬಾಪೂಜಿನಗರ ವಾರ್ಡ್‌ಗಳ ದಾರಿಗಳನ್ನು ಮುಚ್ಚಿದಾಗ ನಮ್ಮಲ್ಲಿ ಮನೆಮಾತಾದ ಪದ ‘ಸೀಲ್‌ಡೌನ್’. ಲಾಕ್‌ಡೌನ್ ಅಮೆರಿಕದ ಜೈಲುಗಳ ಮಾತು, ಕೈದಿಗಳನ್ನು ಕೋಣೆಯಲ್ಲೇ ಕೂಡಿಹಾಕುವುದಕ್ಕೆ ಬಳಸುತ್ತಿದ್ದದ್ದು. ಅದೇ ಅಚ್ಚಿನ ಸೀಲ್‌ಡೌನ್ ಚಲಾವಣೆಗೆ ಬಂದದ್ದು ನಮ್ಮ ಕಡೆ.

ಸೀಲು ಕನ್ನಡಕ್ಕೆ ಹೊಸದಲ್ಲ. ಕಚೇರಿಯ ಕಾಗದಕ್ಕೆ ಸೀಲು ಒತ್ತುತ್ತಾರೆ, ಬಾಕಿ ಉಳಿಸಿಕೊಂಡ ಅಂಗಡಿಗೆ ಬೀಗಮುದ್ರೆ ಹಾಕುತ್ತಾರೆ. ಆ ಮಾರ್ಚ್‌ನಲ್ಲಿ ವಿದೇಶದಿಂದ ಬಂದಿಳಿದವರ ಕೈಗೆ ಅಳಿಸದ ಶಾಯಿಯಲ್ಲಿ ಒತ್ತಿದ್ದೂ ಸೀಲೇ. ಕಾಗದದ ಮೇಲಿದ್ದದ್ದು ಮೈಮೇಲೆ ಬಂತು, ಅಲ್ಲಿಂದ ಬೀದಿಗೆ.

ಬೀದಿಯ ಎರಡೂ ತುದಿಗೆ ತಗಡು, ಅಡ್ಡಕ್ಕೆ ಸರ್ವೆ ಕಂಬ. ಹಾಲಿನ ಪ್ಯಾಕೆಟ್ಟು ಆ ಸಂದಿಯಲ್ಲೇ ಕೈ ದಾಟಬೇಕು. “ಅವರ ಮನೆ ಸೀಲ್‌ಡೌನ್ ಆಯ್ತಂತೆ” ಎಂಬ ಪಿಸುಮಾತೇ ಸಾಕಿತ್ತು, ನಿನ್ನೆವರೆಗೆ ಸಕ್ಕರೆ ಸಾಲ ಕೇಳುತ್ತಿದ್ದ ನೆರೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಸೋಂಕಿಗಿಂತ ಆ ತಗಡು ಹೆಚ್ಚು ಜನರನ್ನು ಒಂಟಿ ಮಾಡಿತೆಂದೇ ನನ್ನ ಭಾವನೆ. ಜುಲೈನಲ್ಲಂತೂ ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಎರಡು ಫ್ಲ್ಯಾಟ್‌ಗಳ ಬಾಗಿಲಿಗೇ ತಗಡು ಜಡಿದರು. ಒಂದರಲ್ಲಿ ಪುಟ್ಟ ಮಕ್ಕಳ ತಾಯಿ, ಇನ್ನೊಂದರಲ್ಲಿ ವೃದ್ಧ ದಂಪತಿ. ಬೆಂಕಿ ಬಿದ್ದಿದ್ದರೆ? ಪಾಲಿಕೆ ಆಯುಕ್ತರು ಕ್ಷಮೆ ಕೇಳಿ ತೆಗೆಸಿದರು.

ಪತ್ರಿಕೆಗಳು ‘ದಿಗ್ಬಂಧನ’ ಎಂದೂ ಬರೆದವು. ಜನರ ಬಾಯಲ್ಲಿ ನಿಂತದ್ದು ಸೀಲ್‌ಡೌನೇ. ನಿಘಂಟು ಕಟ್ಟುವವರು ಇದನ್ನು ಬಿಡಬಾರದು. ಅರ್ಥ ಕೊಡುವಾಗ ಬೀದಿಯ ಜೊತೆಗೆ ಆ ಬಾಗಿಲುಗಳನ್ನೂ ಸೇರಿಸಬೇಕು.