ವಾಲ್ವ್ ಬದಲಿಸಲಾಗಿದೆ

ಮೈಸೂರಿನ ಹಳೆಯ ರೇಡಿಯೊ ರಿಪೇರಿ ಅಂಗಡಿಯೊಂದರ ಲೆಕ್ಕದ ಪುಸ್ತಕ ಎರಡು ವರ್ಷದಿಂದ ನನ್ನ ಮೇಜಿನ ಮೇಲಿದೆ. ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಪುಸ್ತಕದಲ್ಲಿರುವುದು 1960ರ ದಶಕದ ಕೊನೆಯ ಕೆಲವು ವರ್ಷಗಳ ಲೆಕ್ಕ: ತಾರೀಖು, ಗಿರಾಕಿ, ಸೆಟ್ಟು, ಮಾಡಿದ ಕೆಲಸ, ಪಡೆದ ಹಣ. ಕೆಲಸದ ಕಾಲಮ್ಮಿನಲ್ಲಿ ಮತ್ತೆ ಮತ್ತೆ ಒಂದೇ ಮಾತು ಬರುತ್ತದೆ, 'ವಾಲ್ವ್ ಬದಲಿಸಲಾಗಿದೆ'. ನನ್ನ ಸಂಶೋಧನಾ ಪ್ರಬಂಧದ ಒಂದು ಅಧ್ಯಾಯವನ್ನು ಈ ಮಾತಿನ ಮೇಲೆಯೇ ಕಟ್ಟಿದ್ದೆ. ಆ ಕಾಲದ ವಾಲ್ವುಗಳು, ಅದರಲ್ಲೂ ಆಗಷ್ಟೇ ನಮ್ಮಲ್ಲಿ ತಯಾರಾಗತೊಡಗಿದ್ದ ವಾಲ್ವುಗಳು, ಬಾಳಿಕೆ ಬರುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನವಾಗಿತ್ತು. ರಾಜೀವನಗರದಲ್ಲಿ ಕಳೆದ ಒಂದು ಮಧ್ಯಾಹ್ನ ಅದನ್ನು ಕೆಡವಿಹಾಕಿತು.

ವಾಲ್ವ್ ಎಂದರೆ ಗಾಳಿ ತೆಗೆದು ಮುಚ್ಚಿದ ಗಾಜಿನ ಕೊಳವೆ. ಒಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಆನೋಡ್ ಎಂಬ ತಗಡಿನತ್ತ ಹರಿಯುತ್ತವೆ. ನಡುವೆ ಇರುವ ತಂತಿಯ ಜಾಲರಿ, ಅಂದರೆ ಗ್ರಿಡ್, ಕೆರೆಯ ತೂಬಿನ ಹಲಗೆಯಂತೆ. ಅದರ ಮೇಲಿನ ವೋಲ್ಟೇಜು ಕೊಂಚ ಏರಿಳಿದರೂ ಹರಿವು ದೊಡ್ಡದಾಗಿ ಏರಿಳಿಯುತ್ತದೆ. 1904ರಲ್ಲಿ ಫ್ಲೆಮಿಂಗ್ ಎರಡು ಎಲೆಕ್ಟ್ರೋಡುಗಳ ವಾಲ್ವ್ ಮಾಡಿದ. ಎರಡು ವರ್ಷಗಳ ನಂತರ ಲೀ ಡಿ ಫಾರೆಸ್ಟ್ ಗ್ರಿಡ್ಡನ್ನು ಸೇರಿಸಿದ. ಸಣ್ಣ ದನಿಯನ್ನು ದೊಡ್ಡದು ಮಾಡುವ ವಿದ್ಯೆ ಬೆಳೆದದ್ದು ಅಲ್ಲಿಂದ.

ಮೈಸೂರಿಗೂ ಈ ಕೊಳವೆಗೂ ಹಳೆಯ ನಂಟಿದೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವ್ಯಾಟ್ ಶಕ್ತಿಯ ಪ್ರೇಷಕ. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಈ ನಿಲಯದಿಂದ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. 1961ರಲ್ಲಿ ಜಾಲಹಳ್ಳಿಯ ಅದರ ಕಾರ್ಖಾನೆ ರೇಡಿಯೊ ವಾಲ್ವುಗಳ ತಯಾರಿಕೆ ಶುರುಮಾಡಿತು. ವಿದೇಶಿ ವಿನಿಮಯದ ಕೊರತೆಯಿಂದ ಆಮದಿಗೆ ಬಿಗಿ ಕಡಿವಾಣ ಬಿದ್ದಿದ್ದ ಕಾಲ ಅದು. ರಿಪೇರಿಯವರ ಪಾಲಿಗೆ ಜಾಲಹಳ್ಳಿಯ ವಾಲ್ವ್ ಎಷ್ಟು ದೊಡ್ಡ ಆಸರೆಯಾಗಿದ್ದೀತು ಎಂದು ಊಹಿಸಬಹುದು. ಹಾಗಿದ್ದೂ ನನ್ನ ಅಧ್ಯಾಯದಲ್ಲಿ ಅಪರಾಧಿಯ ಜಾಗದಲ್ಲಿ ನಿಂತಿದ್ದು ಅದೇ.

ನಮ್ಮ ಅಜ್ಜನ ಮನೆಯ ಅಟ್ಟದಿಂದ ಒಂದು ಸ್ಟೀರಿಯೊ ಆಂಪ್ಲಿಫೈಯರ್ ಸಿಕ್ಕಿತ್ತು. ಗ್ರಾಮಫೋನಿಗೆಂದು ಯಾರೋ ಕೈಯಲ್ಲೇ ಜೋಡಿಸಿದ್ದು. ಎಡಕ್ಕೊಂದು ಬಲಕ್ಕೊಂದು ಇಎಲ್84, ಎರಡಕ್ಕೂ ಸೇರಿ ಒಂದು ಇಸಿಸಿ83. ಮೂರೂ ಭಾರತ್ ಎಲೆಕ್ಟ್ರಾನಿಕ್ಸ್‌ನವು. ಹಾಕಿದ ಐದು ನಿಮಿಷಕ್ಕೆ ಎಡಗಡೆಯ ದನಿ ಒಡೆದು, ಆ ಕಡೆಯ ಇಎಲ್84ರ ಒಳತಗಡು ಕುಲುಮೆಯ ಕಬ್ಬಿಣದಂತೆ ಕೆಂಪಾಗುತ್ತಿತ್ತು. ನನಗೆ ಒಳಗೊಳಗೇ ಖುಷಿ, ನನ್ನ ವಾದಕ್ಕೆ ಮನೆಯಲ್ಲೇ ಸಾಕ್ಷಿ ಸಿಕ್ಕಿತಲ್ಲ ಎಂದು. ಪರಿಚಿತರೊಬ್ಬರು ರಾಜೀವನಗರದ ಹಿರಿಯ ಮೆಕ್ಯಾನಿಕ್ ಒಬ್ಬರ ವಿಳಾಸ ಕೊಟ್ಟರು.

ಅವರಿಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗಲೇ ರೇಡಿಯೊ ಅಂಗಡಿ ಸೇರಿದವರು. ಈಗ ಮನೆಯ ಮುಂಗೋಣೆಯೇ ಕಾರ್ಯಾಗಾರ. ನಾನು "ವಾಲ್ವ್ ಹೋಗಿದೆ" ಎಂದೆ. "ಹೋಗಿದ್ದು ವಾಲ್ವೋ, ಇನ್ನೊಂದೋ, ಕೇಳಿ ನೋಡೋಣ" ಎಂದರು.

ಅವರು ಕೇಳಿದ ರೀತಿ ಹೀಗಿತ್ತು. ಮೊದಲು ಗಾಜಿನ ತುದಿ ನೋಡಿದರು. ಅಲ್ಲಿನ ಬೆಳ್ಳಿಬಣ್ಣದ ಲೇಪ ಉಳಿದ ಗಾಳಿಯನ್ನು ಹೀರಲೆಂದೇ ಇರುವಂಥದ್ದು. ಗಾಳಿ ನುಗ್ಗಿದ್ದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಇಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಆಮೇಲೆ ಕರೆಂಟು ತೆಗೆದು, ಕೆಪಾಸಿಟರುಗಳಲ್ಲಿ ನಿಂತಿದ್ದ ವಿದ್ಯುತ್ತನ್ನು ರೆಸಿಸ್ಟರಿನ ಮೂಲಕ ಇಳಿಸಿ, ತಣ್ಣಗಾದ ಮೇಲೆ ಎಡ ಬಲದ ಇಎಲ್84ಗಳನ್ನು ಅದಲುಬದಲು ಮಾಡಿದರು. ಮತ್ತೆ ಹಾಕಿದಾಗ ಕೆಂಪಾದದ್ದು ಬಲದಿಂದ ಬಂದ ಒಳ್ಳೆಯ ವಾಲ್ವ್. 'ಕೆಟ್ಟ' ವಾಲ್ವ್ ಬಲಗಡೆ ತೆಪ್ಪಗೆ ಹಾಡುತ್ತಿತ್ತು. ಅಂದರೆ ಕಾಯಿಲೆ ಇದ್ದದ್ದು ವಾಲ್ವಿನಲ್ಲಲ್ಲ, ಅದು ಕೂರುವ ಜಾಗದಲ್ಲಿ.

ಮುಂದಿನದು ಮೀಟರಿನ ಕೆಲಸ. ಒಂದು ಕೈ ಬೆನ್ನ ಹಿಂದೆ. ಒಳಗಿರುವುದು 250 ವೋಲ್ಟಿನ ಆಸುಪಾಸು, ಎರಡೂ ಕೈ ತಗುಲಿದರೆ ಕರೆಂಟು ಎದೆಯ ಮೂಲಕವೇ ಹಾಯುತ್ತದೆ. ಇಂಥ ಮಂಡಲದಲ್ಲಿ ಇಎಲ್84ರ ಕ್ಯಾಥೋಡಿನಲ್ಲಿ ಸುಮಾರು 7 ವೋಲ್ಟ್ ಇರಬೇಕು, ಗ್ರಿಡ್ಡಿನಲ್ಲಿ ಸೊನ್ನೆ. ಎಡಗಡೆ ಕ್ಯಾಥೋಡಿನಲ್ಲಿ 13, ಗ್ರಿಡ್ಡಿನಲ್ಲಿ 9. ತೂಬಿನ ಹಲಗೆಯನ್ನು ಯಾರೋ ಮೇಲೆತ್ತಿ ಹಿಡಿದಿದ್ದರು. ಆ 'ಯಾರೋ' ಎಂದರೆ ಹಿಂದಿನ ಹಂತದಿಂದ ದನಿಯನ್ನು ಮಾತ್ರ ಬಿಟ್ಟು ನೇರ ವಿದ್ಯುತ್ತನ್ನು ತಡೆಯಬೇಕಾದ ಪುಟ್ಟ ಕಾಗದದ ಕೆಪಾಸಿಟರ್. ಅರ್ಧ ಶತಮಾನದ ತೇವ ಕುಡಿದು ಅದು ಸೋರುತ್ತಿತ್ತು. 12 ವ್ಯಾಟ್ ಬಿಸಿ ತಡೆಯುವಂತೆ ಮಾಡಿದ ಆನೋಡಿನ ಮೇಲೆ ಅದರಿಂದ ಒಂದೂವರೆಪಟ್ಟು ಹೊರೆ ಬಿದ್ದಿತ್ತು. ಹೊಸ ಕೆಪಾಸಿಟರ್ ಹಾಕಿದ ಮೇಲೆ ಮೂರೂ ಹಳೆಯ ವಾಲ್ವುಗಳು ಹಾಡಿದವು.

ನಾನು ಚೀಲದಿಂದ ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ. ಅವರು ಪುಟ ತಿರುವಿ ನಕ್ಕರು. "ನಮ್ಮಂಗಡೀಲೂ ಹೀಗೇ ಬರೀತಿದ್ವಿ. ಕಂಡೆನ್ಸರು ಎಷ್ಟು ಹೊತ್ತು ಹುಡುಕಿದರೂ ಗಿರಾಕಿ ದುಡ್ಡು ಕೊಡ್ತಿರಲಿಲ್ಲ, ಕಾಸಿನ ಸಾಮಾನು ಅಂತಿದ್ದ. ವಾಲ್ವ್ ಕಣ್ಣಿಗೆ ಕಾಣುತ್ತೆ, ಬೆಲೆ ಗೊತ್ತಿರುತ್ತೆ." ಸ್ವಲ್ಪ ತಡೆದು ಸೇರಿಸಿದರು: "ಎಷ್ಟೋ ಸಲ ಒಳ್ಳೇ ವಾಲ್ವೂ ಬದಲಾಯಿಸಿದ್ದೀವಿ. ಒಂದೊಂದು ಸಲ ಗೊತ್ತಿಲ್ಲದೆ, ಒಂದೊಂದು ಸಲ ಗೊತ್ತಿದ್ದೂ."

ಆ ಕೊನೆಯ ಮಾತನ್ನು ಅವರು ನನಗೆ ಹೇಳಬೇಕಾಗಿರಲಿಲ್ಲ. ಆದರೆ ಅದಿಲ್ಲದೆ ನನ್ನ ಪುಸ್ತಕ ಅರ್ಥವಾಗುತ್ತಿರಲಿಲ್ಲ. ನಾನು ಅದನ್ನು ಕೆಟ್ಟ ಭಾಗಗಳ ಪಟ್ಟಿ ಎಂದು ಓದಿದ್ದೆ. ಅದು ದುಡ್ಡು ಕೇಳಬಹುದಾದ ಭಾಗಗಳ ಪಟ್ಟಿಯಾಗಿತ್ತು. ಹುಡುಕಾಟದ ಗಂಟೆಗಳಿಗೆ, ಮೀಟರು ಹಿಡಿದ ಕೈಗೆ, ಅದರಲ್ಲಿ ಕಾಲಮ್ಮೇ ಇಲ್ಲ. ಆಕಾಶವಾಣಿಯ ಚರಿತ್ರೆಯಲ್ಲಿ ಸ್ಥಾಪಕರ ಹೆಸರಿದೆ, ಕಾರ್ಖಾನೆಯ ಚರಿತ್ರೆಯಲ್ಲಿ ಇಸವಿಗಳಿವೆ. ಮನೆಮನೆಯಲ್ಲಿ ದನಿ ನಿಲ್ಲದಂತೆ ನೋಡಿಕೊಂಡವರದು ಅವರ ನೆನಪಿನಲ್ಲಷ್ಟೇ ಇದೆ, ಅವರಿಗೂ ಈಗ ಎಪ್ಪತ್ತು ದಾಟಿದೆ.

ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಇನ್ನೂ ಆರು ತಿಂಗಳು ಹಿಡಿಯುತ್ತದಲ್ಲ ಎಂದು ಗೊಣಗಿದರು. ಪ್ರತಿ ಶನಿವಾರ ರಾಜೀವನಗರಕ್ಕೆ ಹೋಗುತ್ತೇನೆ. ಪುಸ್ತಕದ ಒಂದೊಂದು ನಮೂದನ್ನೂ ಓದುತ್ತೇನೆ. ಆ ಸೆಟ್ಟಿನಲ್ಲಿ ಏನು ಕೆಟ್ಟಿದ್ದಿರಬಹುದು ಎಂದು ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕಳೆದ ವಾರ ಒಂದು ನಮೂದಿಗೆ ಅವರು ಬಹಳ ಹೊತ್ತು ಯೋಚಿಸಿ, "ಇಲ್ಲ, ಇಲ್ಲಿ ನಿಜವಾಗಲೂ ವಾಲ್ವೇ ಹೋಗಿತ್ತು" ಎಂದರು.